ಎಡಕ್ಕೆ ಎಳೆಯುವ ಗಾಡಿ

ನಮ್ಮ ಮನೆಯಲ್ಲಿ ಕೆಟ್ಟ ವಸ್ತುವನ್ನು ರಿಪೇರಿ ಮಾಡಿಸುವ ಪದ್ಧತಿ ಇರಲಿಲ್ಲ. ಅದಕ್ಕೆ ನಾವು ಒಗ್ಗಿಕೊಳ್ಳುವ ಪದ್ಧತಿ ಇತ್ತು. ಇಟ್ಟಮಡುವಿನ ಆ ಮನೆಯ ಗೇಟನ್ನು ಮೊಣಕಾಲಿನಿಂದ ಒತ್ತಿ, ಸ್ವಲ್ಪ ಮೇಲಕ್ಕೆತ್ತಿ, ಆಮೇಲೆ ತಳ್ಳಬೇಕಿತ್ತು. ಬಚ್ಚಲುಮನೆಯ ಚಿಲಕ ಬೀಳಬೇಕಾದರೆ ಬಾಗಿಲಿಗೆ ಭುಜ ಕೊಡಬೇಕಿತ್ತು. ಆತುರದಲ್ಲಿ ಹೋದವರ ಗತಿ ದೇವರಿಗೇ ಪ್ರೀತಿ. ಮಿಕ್ಸಿಯ ಮುಚ್ಚಳವನ್ನು ಒಂದು ಕೈಯಲ್ಲಿ ಅದುಮಿ, ಇನ್ನೊಂದು ಕೈಯಲ್ಲಿ ಜಾರಿನ ಬುಡವನ್ನು ತಿರುಚಿ ಹಿಡಿದರೆ ಮಾತ್ರ ಆ ದಿನ ಚಟ್ನಿ. ದೇವರ ಮನೆಯ ಬೀರು ಅಜ್ಜಿಯ ಕೈಗೆ ಬಿಟ್ಟು ಯಾರ ಕೈಗೂ ತೆರೆಯುತ್ತಿರಲಿಲ್ಲ. ಕೀಲಿಯನ್ನು ಪೂರ್ತಿ ಒಳಗೆ ತೂರಿಸದೆ ಅಕ್ಕಿಕಾಳಿನಷ್ಟು ಹೊರಗೆ ಬಿಟ್ಟು ತಿರುಗಿಸಬೇಕೆಂಬ ಗುಟ್ಟನ್ನು ಅವಳು ಯಾರಿಗೂ ಹೇಳಿರಲಿಲ್ಲ, ನಾನು ಕದ್ದು ನೋಡಿ ತಿಳಿದುಕೊಂಡಿದ್ದೆ. ಬಡಗಿಯನ್ನು ಕರೆಸಿದರೆ ಅರ್ಧ ದಿನದಲ್ಲಿ ಎಲ್ಲ ಮುಗಿಯುತ್ತಿತ್ತು. ಕೇಳಿದರೆ ಮನೆಯವರೆಲ್ಲ ಒಂದೇ ಉತ್ತರ ಕೊಡುತ್ತಿದ್ದರು: ಅದಕ್ಕೊಂದು ವರಸೆ ಇದೆ, ಕಲಿತುಕೋ. ಹದಿನಾಲ್ಕು ವರ್ಷ ತುಂಬುವಷ್ಟರಲ್ಲಿ ನಾನು ಹನ್ನೊಂದು ವರಸೆಗಳನ್ನು ಕಲಿತಿದ್ದೆ, ಎಲ್ಲವೂ ಕೆಟ್ಟುಹೋದ ವಸ್ತುಗಳದ್ದು.

ಈ ವರಸೆಗಳಲ್ಲಿ ಅತಿ ದೊಡ್ಡದು ಅಪ್ಪನದಾಗಿತ್ತು, ಅದು ಮನೆಯ ಮುಂದೆ ಬೀದಿಯಲ್ಲಿ ನಿಂತಿರುತ್ತಿತ್ತು. ಅಪ್ಪ ಅಮ್ಮ ಇಬ್ಬರೂ ಸೇರಿ ಗಿಡಗಳ ವ್ಯಾಪಾರ ಮಾಡುತ್ತಿದ್ದರು. ಕೋಣನಕುಂಟೆಯ ಆಚೆಯ ನರ್ಸರಿಗಳಿಂದ ಗಿಡ, ಕುಂಡ, ಕೆಮ್ಮಣ್ಣು, ಗೊಬ್ಬರ ತುಂಬಿಕೊಂಡು ಜಯನಗರ, ಜೆ.ಪಿ. ನಗರದ ತಾರಸಿಗಳಿಗೆ ತಲುಪಿಸುವುದು ಕೆಲಸ. ನಮ್ಮ ಜಗಲಿಯಲ್ಲಿ ಬೇವಿನ ಹಿಂಡಿಯ ಮೂಟೆಗಳಿರುತ್ತಿದ್ದವು. ಆ ಕಹಿ ವಾಸನೆ ನನ್ನ ಯೂನಿಫಾರ್ಮಿಗೂ ಹತ್ತಿ, ಶಾಲೆಯಲ್ಲಿ ಪಕ್ಕದವಳು ಸ್ವಲ್ಪ ಸರಿದೇ ಕೂರುತ್ತಿದ್ದಳು. ಯಾವ ಬಾಲ್ಕನಿಗೆ ಎಷ್ಟು ಬಿಸಿಲು, ಯಾವ ಗಿರಾಕಿ ನೀರು ಹೆಚ್ಚು ಹಾಕಿ ಕೊಳೆಸುತ್ತಾರೆ, ಯಾರಿಗೆ ತುಳಸಿಯ ಜೊತೆ ಎರಡು ಬುದ್ಧಿಮಾತೂ ಬೇಕು, ಇವೆಲ್ಲ ಅಮ್ಮನಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿದ್ದದ್ದು ಒಂದೇ, ಪಿಕಪ್ ಓಡಿಸುವುದು. ಆದರೆ ಅದಿಲ್ಲದೆ ಉಳಿದದ್ದೆಲ್ಲ ಜಗಲಿಯಲ್ಲೇ ಕೂತಿರುತ್ತಿತ್ತು.

ಆ ಪಿಕಪ್ ಎಡಕ್ಕೆ ಎಳೆಯುತ್ತಿತ್ತು. ಸ್ಟೀರಿಂಗನ್ನು ನೇರ ಹಿಡಿದರೆ ಗಾಡಿ ತಾನಾಗಿ ಚರಂಡಿಯ ಕಡೆ ಹೊರಡುತ್ತಿತ್ತು. ಅಪ್ಪ ಅದನ್ನು ಸದಾ ಬಲಕ್ಕೆ ಒಂದಿಷ್ಟು ತಿರುಗಿಸಿ ಹಿಡಿದೇ ಓಡಿಸುತ್ತಿದ್ದ, ಹಠ ಮಾಡುವ ಕರುವಿನ ಹಗ್ಗ ಹಿಡಿದವನ ಹಾಗೆ. ಸಂಜೆ ಬಂದು ಬಲ ಭುಜಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ಎಡಗಡೆಯ ಮುಂದಿನ ಟೈರು ಹೊರ ಅಂಚಿನಲ್ಲಿ ಮಾತ್ರ ಸವೆದು ಬೋಳಾಗುತ್ತಿತ್ತು. ಇದಕ್ಕೆ ಮನೆಯಲ್ಲಿ ಮೂರು ವಿವರಣೆಗಳಿದ್ದವು. ಅಜ್ಜಿಯ ಪ್ರಕಾರ ಎದುರು ಮನೆಯವರ ಕಣ್ಣು. ಅದಕ್ಕೆಂದೇ ಅಮಾವಾಸ್ಯೆಗೆ ಬಲ ಚಕ್ರಕ್ಕೆ ಒಂದು ನಿಂಬೆಹಣ್ಣಿಟ್ಟರೆ ಎಡ ಚಕ್ರಕ್ಕೆ ಎರಡು ಇಡುತ್ತಿದ್ದಳು. ಅಪ್ಪನ ಪ್ರಕಾರ ಬೆಂಗಳೂರಿನ ರಸ್ತೆಗಳೇ ಎಡಕ್ಕೆ ವಾಲಿವೆ. ಮೂರನೆಯದೂ ಅಪ್ಪನದೇ, ಅಮ್ಮ ಬಾಯಿ ತೆರೆದಾಗ ಮಾತ್ರ ಹೊರಬರುತ್ತಿತ್ತು.

ಅಮ್ಮನ ಬಳಿ ಲೈಸೆನ್ಸ್ ಇತ್ತು. ಬನಶಂಕರಿಯ ಡ್ರೈವಿಂಗ್ ಶಾಲೆಯೊಂದರಲ್ಲಿ ಬೆಳಗಿನ ಕ್ಲಾಸಿಗೆ ಹೋಗಿ, ಚಿಕ್ಕ ಕಾರಿನಲ್ಲಿ ಕಲಿತು, ಮೊದಲ ಸಲವೇ ಪಾಸಾಗಿದ್ದಳು. ಎರಡು ವರ್ಷದಿಂದ ಆ ಲೈಸೆನ್ಸ್ ಅಡುಗೆಮನೆಯ ಸಾಸಿವೆ ಡಬ್ಬದ ಹಿಂದೆ, ಪ್ಲಾಸ್ಟಿಕ್ ಕವರಿನಲ್ಲಿ ಇತ್ತು. ಅಪ್ಪನಿಗೆ ಬೇರೆ ಬಾಡಿಗೆ ಸಿಕ್ಕ ದಿನ ಗಿರಾಕಿಗಳು ಅಮ್ಮನಿಗೆ ಫೋನ್ ಮಾಡಿ ಬೈಯುತ್ತಿದ್ದರು. ಸಸಿಗಳು ಜಗಲಿಯಲ್ಲೇ ಬಾಡುತ್ತಿದ್ದವು. ನಾನೇ ಓಡಿಸುತ್ತೇನೆ ಎಂದು ಅವಳು ಅಂದಾಗಲೆಲ್ಲ ಅಪ್ಪ ಇದೇ ರಾಗ ತೆಗೆಯುತ್ತಿದ್ದ:

“ಬೇಡ ಪದ್ಮಾ. ಅದು ಎಡಕ್ಕೆ ಎಳೆಯುತ್ತೆ, ನಿನ್ ಕೈಲಿ ಆಗಲ್ಲ. ಆ ಗಾಡಿಗೆ ನನ್ ಕೈ ಮಾತ್ರ ಗೊತ್ತು.”

ಅಮ್ಮ ಮತ್ತೆ ಹಸಿಮೆಣಸಿನಕಾಯಿ ತೊಟ್ಟು ಬಿಡಿಸಲು ಕೂರುತ್ತಿದ್ದಳು. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ನಾನು ಶಾಲೆಯ ಚರ್ಚಾ ತಂಡಕ್ಕೆ ಸೇರಿದ್ದೆ. ಎದುರಾಳಿ ಒಂದೇ ಬಾಯಲ್ಲಿ ಎರಡು ಮಾತಾಡಿದರೆ ಅಲ್ಲೇ ಹಿಡಿದು ನಿಲ್ಲಿಸಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಒಂದೇ ಬಾಯಲ್ಲಿ ಮೂರು ಮಾತಾಡುವವರು ಮನೆಯಲ್ಲೇ ಇರುವಾಗ ಅಭ್ಯಾಸಕ್ಕೆ ಕೊರತೆ ಏನು? ಮೊದಲು ರಸ್ತೆಯ ಇಳಿಜಾರನ್ನು ಪರೀಕ್ಷಿಸೋಣವೆಂದು ನಮ್ಮ ಬೀದಿಯ ಟಾರಿನ ಮೇಲೆ ಗೋಲಿ ಬಿಟ್ಟೆ. ಅದು ಎಡಕ್ಕೇ ಉರುಳಿತು. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅಪ್ಪ ಚಪ್ಪಾಳೆ ತಟ್ಟಿದ. ಆದರೆ ರಸ್ತೆ ನಡುವೆ ಉಬ್ಬಿ ಎರಡೂ ಕಡೆಗೆ ಇಳಿದಿರುತ್ತದೆ, ಹಾಗಾದರೆ ಬಲ ಅಂಚಿನಲ್ಲಿ ಗಾಡಿ ಬಲಕ್ಕೆ ಎಳೆಯಬೇಕು, ಒಂದು ಸಲ ರಾಂಗ್ ಸೈಡಿನಲ್ಲಿ ಓಡಿಸಿ ತೋರಿಸು ಎಂದು ನಾನು ಕೇಳಿದೆ.

“ಆಮೇಲೆ ಪೊಲೀಸ್‌ನವ್ರ ಹತ್ರ ನೀನು ವಾದ ಮಾಡ್ತೀಯಾ?” ಅಂದ ಅಪ್ಪ. ಒಳಗಿನಿಂದ ಅಜ್ಜಿಯ ನಗು ಕೇಳಿತು. ಪ್ರಯೋಗ ಅಲ್ಲಿಗೇ ನಿಂತಿತು.

ನನಗೆ ನಿಜವಾದ ಸಾಕ್ಷಿ ಸಿಕ್ಕಿದ್ದು ಗಾಡಿಯೊಳಗೇ. ಮಣ್ಣಿನ ಬಿಲ್ಲು ಹುಡುಕುವಾಗ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಚಕ್ರಗಳ ವಾಲು ಅಳೆದು ಸರಿಮಾಡುವ ವೀಲ್ ಅಲೈನ್‌ಮೆಂಟ್ ಅಂಗಡಿಯ ಮೂರು ಕಾಗದಗಳು ಸಿಕ್ಕವು. ಮೂರು ಬೇರೆ ಬೇರೆ ಸಲ ಟೈರು ಬದಲಾಯಿಸಿದಾಗ ಕೊಟ್ಟವು. ಮೂರರಲ್ಲೂ ಮುಂದಿನ ಎಡ ಚಕ್ರದ ಅಂಕಿ ಕೆಂಪು. ಮೂರರ ಅಡಿಯಲ್ಲೂ ಯಾರೋ ಪೆನ್ನಿನಲ್ಲಿ ಗೀಚಿದ್ದರು: ಕ್ಯಾಂಬರ್ ಬೋಲ್ಟ್ ಜಾಮ್, ಬದಲಾಯಿಸಬೇಕು. ಅಂದರೆ ಅಪ್ಪನಿಗೆ ವರ್ಷಗಳಿಂದ ಗೊತ್ತಿತ್ತು! ನಾನು ಭಾನುವಾರದ ಮಧ್ಯಾಹ್ನದವರೆಗೆ ಕಾದೆ. ಮುದ್ದೆ, ಬಸ್ಸಾರು, ನಾಲ್ಕು ತಟ್ಟೆ. ಅಪ್ಪನ ಮೊದಲ ತುತ್ತು ಒಳಗೆ ಹೋದ ಮೇಲೆ ಶುರುಮಾಡಿದೆ.

“ಅಪ್ಪ, ಗಾಡಿ ಎಡಕ್ಕೆ ಎಳೆಯುತ್ತಾ, ಇಲ್ವಾ?”

“ಇಲ್ಲ. ಮುದ್ದೆ ತಣ್ಣಗಾಗುತ್ತೆ, ತಿನ್ನು.”

“ಹೋದ್ವಾರ ರೋಡು ವಾಲಿದೆ, ಅದಕ್ಕೇ ಎಳೆಯುತ್ತೆ ಅಂದೆ.”

“ಎಳೆಯೋದು ರೋಡು. ಗಾಡಿ ಪಾಪ ಏನ್ ಮಾಡುತ್ತೆ?”

“ಅಮ್ಮ ಓಡಿಸ್ತೀನಿ ಅಂದಾಗ ಗಾಡೀನೇ ಎಳೆಯುತ್ತೆ, ನಿನ್ ಕೈಲಿ ಆಗಲ್ಲ ಅಂದೆ.”

“ಹೂಂ, ಆಗಲ್ಲ.”

“ಎಳೆಯೋದೇ ಇಲ್ಲ ಅಂದ್ಮೇಲೆ ಯಾಕ್ ಆಗಲ್ಲ?”

ಅಪ್ಪ ಅಮ್ಮನ ಕಡೆ ತಿರುಗಿದ. “ಇವಳನ್ನ ಆ ಸ್ಕೂಲಿಗೆ ಸೇರ್ಸಿದ್ದು ಯಾರು?”

ನಾನು ಮೂರು ಕಾಗದಗಳನ್ನು ತಟ್ಟೆಯ ಪಕ್ಕ ಸಾಲಾಗಿ ಇಟ್ಟೆ. ಅಪ್ಪ ಸಾರು ಕಲಸುತ್ತಲೇ ಓರೆಗಣ್ಣಲ್ಲಿ ನೋಡಿದ.

“ಕಂಪ್ಯೂಟರ್ರು ಗಾಡಿ ಓಡ್ಸುತ್ತಾ? ಎಲ್ರಿಗೂ ಹೀಗೇ ಬರ್ಕೊಡ್ತಾರೆ. ಬೋಲ್ಟು ಬದಲಾಯ್ಸಿದ್ರೂ ಅದು ಹಂಗೇ ಹೋಗೋದು. ಬೇಕಿದ್ರೆ ಬರ್ಕೊಡ್ತೀನಿ.”

“ನೇರ ಹೋದ್ರೆ?”

“ನೇರ ಹೋದ್ರೆ ನಿಮ್ಮಮ್ಮನೇ ಓಡ್ಸ್ಲಿ! ನಾನು ಆ ಕಡೆ ಸೀಟಲ್ಲಿ ಕೂತ್ಕೋತೀನಿ.”

“ಇನ್ನೊಂದ್ಸಲ ಹೇಳು.”

“ಕೂತ್ಕೋತೀನಿ ಅಂದ್ನಲ್ಲ. ಕಲ್ಲಲ್ಲಿ ಕೆತ್ತಿಸ್ಲಾ?”

ಅಜ್ಜಿ ಬಾಯಿಗೆ ಹೋಗುತ್ತಿದ್ದ ತುತ್ತನ್ನು ನಿಲ್ಲಿಸಿದಳು. “ಲೋ ನಂಜುಂಡ, ಅನ್ನದ ಮುಂದೆ ಆಡಿದ್ ಮಾತು ಕಣೋ.”

ಅಮ್ಮ “ಸರಿ” ಅಂದಳು. ಕೈ ತೊಳೆದಳು. ಫೋನ್ ತೆಗೆದುಕೊಂಡು ಜಗಲಿಗೆ ಹೋಗಿ ಮೆಕ್ಯಾನಿಕ್ ಸೆಲ್ವಣ್ಣನಿಗೆ ಕರೆ ಮಾಡಿದಳು. ನಾನು ಎರಡು ತಿಂಗಳು ಗೋಲಿ, ಕಾಗದ, ತರ್ಕ ಎಂದು ಒದ್ದಾಡಿದ್ದೆ. ಅವಳ ಕೆಲಸ ಒಂದು ನಿಮಿಷದಲ್ಲಿ ಮುಗಿಯಿತು.

ಸೆಲ್ವಣ್ಣನಿಗೆ ಇಟ್ಟಮಡು ಸರ್ಕಲ್ಲಿನ ಬಳಿ ಚಿಕ್ಕ ಶೆಡ್ ಇತ್ತು. ಅಲ್ಲಿ ಜಾಗ ಸಾಲದೆ ದೊಡ್ಡ ಗಾಡಿಗಳ ಕೆಲಸವನ್ನು ಅವರವರ ಮನೆಯ ಮುಂದೆಯೇ ಮಾಡುತ್ತಿದ್ದ. ಮೂರು ದಿನದ ಮೇಲೆ ಹೊಸ ಬೋಲ್ಟುಗಳ ಪೊಟ್ಟಣ ಹಿಡಿದು ಬಂದ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿಯಿಂದ ಎತ್ತಿ, ಕೆಳಗೆ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ, ಚಕ್ರ ಬಿಚ್ಚಿದ. ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಕಬ್ಬಿಣದ ತೋಳು ಗಾಡಿಯ ಮೈಗೆ ಸೇರುವ ಕಡೆ ಆ ಕ್ಯಾಂಬರ್ ಬೋಲ್ಟುಗಳಿರುತ್ತವೆ. ಅವನ್ನು ತಿರುಗಿಸಿದರೆ ತೋಳು ಒಂದಿಷ್ಟು ಒಳಕ್ಕೋ ಹೊರಕ್ಕೋ ಸರಿದು ಚಕ್ರದ ವಾಲು ಸರಿಯಾಗುತ್ತದೆ. ಎಷ್ಟು ತಿರುಗಿಸಿದೆ ಎಂದು ತಿಳಿಯಲು ತಲೆಯ ಬಳಿ ಗೀಟುಗಳಿರುತ್ತವೆ. ಸೆಲ್ವಣ್ಣ ಗಾಡಿಯ ಅಡಿ ಮಲಗಿ ಟಾರ್ಚ್ ಬಿಟ್ಟ. ಆಮೇಲೆ ಅಡಿಯಿಂದಲೇ ಕೂಗಿದ:

“ನಂಜುಂಡಣ್ಣಾ, ಇಲ್ಲಿ ಬೋಲ್ಟ್ ಎಲ್ಲಿ ಇಟ್ಟಿದೀರಾ?”

ಬೋಲ್ಟು ಕಾಣದ ಕಾರಣ ನನಗೆ ಹೊಳೆಯಿತು, ಹೊಳೆದು ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಆಯುಧ ಪೂಜೆಗೆ ಉಳಿದವರು ಗಾಡಿಯನ್ನು ಮೇಲೆ ತೊಳೆಯುತ್ತಾರೆ. ಅಪ್ಪ ಅಡಿಯಲ್ಲೂ ತೊಳೆಯುತ್ತಿದ್ದ. ಬರೀ ತೊಳೆದು ಸುಮ್ಮನಾದರೆ ಅವನು ಅಪ್ಪನೇ ಅಲ್ಲ. ಹಬ್ಬದ ಹಿಂದಿನ ದಿನ ಬೆನ್ನಡಿ ಗೋಣಿಚೀಲ ಹಾಸಿಕೊಂಡು, ಒಂದು ಡಬ್ಬ ಬಣ್ಣ, ಒಂದು ಬ್ರಷ್ ಹಿಡಿದು, ಅಡಿಯ ಪ್ರತಿಯೊಂದು ಕಬ್ಬಿಣಕ್ಕೂ ಬಳಿಯುತ್ತಿದ್ದ. ಒಂದು ವರ್ಷ ಕಪ್ಪು, ಒಂದು ವರ್ಷ ಬೆಳ್ಳಿ ಬಣ್ಣ, ಇನ್ನೊಂದು ವರ್ಷ ಯಾರದೋ ಮನೆಯ ಗೇಟಿಗೆ ಬಳಿದು ಉಳಿದ ಹಸಿರು. ಬೋಲ್ಟು, ನಟ್ಟು, ಗೀಟು ಯಾವುದನ್ನೂ ಬಿಟ್ಟಿರಲಿಲ್ಲ. ಆ ಬಣ್ಣದ ಮೇಲೆ ಅಜ್ಜಿ ಕೈ ಚಾಚಿ ಕುಂಕುಮ ಇಡುತ್ತಿದ್ದಳು. ಇಡೀ ಬೀದಿಯಲ್ಲಿ ಅಡಿಯಲ್ಲೂ ಚಂದವಾಗಿದ್ದ ಗಾಡಿ ನಮ್ಮದೊಂದೇ.

“ಅಣ್ಣಾ, ಏಳು ಹಬ್ಬ ಇದೆ ಇಲ್ಲಿ,” ಅಂದ ಸೆಲ್ವಣ್ಣ, ಉಳಿಯಿಂದ ಕೆರೆದು ಪದರ ಎಣಿಸುತ್ತಾ. “ಅಲೈನ್‌ಮೆಂಟ್‌ನವ್ನು ಪಾನಾ ಹಾಕಿ ಜಾರಿ ಜಾರಿ ನಟ್ಟಿನ ಮೂಲೆ ಎಲ್ಲಾ ರೌಂಡ್ ಮಾಡ್ಬಿಟ್ಟವ್ನೆ. ಭಕ್ತಿ ಜಾಸ್ತಿ ಆಯ್ತು ನಿಮ್ದು.”

“ಬಣ್ಣ ಇಲ್ದಿದ್ರೆ ತುಕ್ಕು ಹಿಡೀತಿರ್ಲಿಲ್ವಾ?” ಅಪ್ಪ ಕಟ್ಟೆಯಿಂದ ಏಳದೆ ಕೇಳಿದ.

“ಒಳಗಡೆ ತುಕ್ಕು, ಮೇಲ್ಗಡೆ ಬಣ್ಣ. ಎರಡೂ ಇದೆ, ಬನ್ನಿ ನೋಡಿ.”

ಅಪ್ಪ ಬರಲಿಲ್ಲ. ಬೋಲ್ಟು ಬರದಿರಲಿ ಎಂದು ಅವನು ಕಾಯುತ್ತಿದ್ದುದು ಅವನ ಮುಖದಲ್ಲೇ ಕಾಣುತ್ತಿತ್ತು. ಅಮ್ಮ ಹೊಸಿಲ ಬಳಿ ನಿಂತಿದ್ದಳು; ಬೋಲ್ಟು ಬರಲಿ ಎಂದು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ತುಕ್ಕು ಬಿಡಿಸುವ ಎಣ್ಣೆ ಹೊಡೆದದ್ದಾಯಿತು, ಕಾದದ್ದಾಯಿತು, ಉದ್ದದ ಪೈಪ್ ಸಿಕ್ಕಿಸಿ ಜಗ್ಗಿದ್ದಾಯಿತು, ಸುತ್ತಿಗೆಯಿಂದ ಹೊಡೆದದ್ದಾಯಿತು. ಬಲಗಡೆಯದು ಬೈದುಕೊಂಡೇ ಬಂತು. ಎಡಗಡೆಯದು ಮಿಸುಕಲಿಲ್ಲ. ಕೊನೆಗೆ ಸೆಲ್ವಣ್ಣ ಕಬ್ಬಿಣ ಕುಯ್ಯುವ ಗ್ರೈಂಡರ್ ತೆಗೆದ. ಅಜ್ಜಿ ಒಳಗಿನಿಂದ ಓಡಿ ಬಂದಳು.

“ಪೂಜೆ ಮಾಡಿರೋದನ್ನ ಕುಯ್ತೀಯೇನಪ್ಪಾ?”

“ಅಜ್ಜಿ, ನಾನು ಕುಯ್ಯೋದು ಬೋಲ್ಟು. ಪೂಜೆ ಹಂಗೇ ಇರುತ್ತೆ.”

ಕಿಡಿ ಹಾರಿತು. ಅಜ್ಜಿ ಕೈ ಮುಗಿದಳು. ಬೀದಿಯ ನಾಯಿಗಳು ಊಳಿಟ್ಟವು. ಸ್ವಲ್ಪ ಹೊತ್ತಿನಲ್ಲಿ ತುಂಡಾದ ಬೋಲ್ಟಿನ ತಲೆ ಉರುಳಿ ನನ್ನ ಕಾಲ ಬಳಿ ಬಂತು. ಬಿಸಿಯಾರಿದ ಮೇಲೆ ಎತ್ತಿ ನೋಡಿದೆ. ತಲೆಯ ಹಿಂದಿನ ದುಂಡು ಬಿಲ್ಲೆ ಬೋಲ್ಟಿನ ನಡುವಿಗೆ ಇರಲಿಲ್ಲ, ಒಂದು ಪಕ್ಕಕ್ಕೆ ಸರಿದಿತ್ತು. ನನಗೆ ಇನ್ನೇನು ಬೇಕು?

“ನೋಡಪ್ಪ! ಎಷ್ಟು ಸೊಟ್ಟ ಆಗಿದೆ ನೋಡು! ಇದಕ್ಕೇ ಎಳೀತಿದ್ದದ್ದು!”

ಸೆಲ್ವಣ್ಣ ಗಾಡಿಯ ಅಡಿಯಲ್ಲೇ ನಗತೊಡಗಿದ. “ಪುಟ್ಟಾ, ಅದು ಸೊಟ್ಟ ಇರ್ಬೇಕಾದದ್ದೇ. ಹೊಸದನ್ನೂ ನೋಡು.” ಪೊಟ್ಟಣ ಬಿಚ್ಚಿದೆ. ಹೊಸದರ ಬಿಲ್ಲೆಯೂ ಅಷ್ಟೇ ಪಕ್ಕಕ್ಕಿತ್ತು. ಹಾಗಿರುವುದರಿಂದಲೇ ತಿರುಗಿಸಿದಾಗ ತೋಳು ಸರಿಯುವುದಂತೆ. ಕೆಟ್ಟಿದ್ದದ್ದು ಬೇರೆ, ಬಿಲ್ಲೆಯ ಅಂಚು ಹಲ್ಲು ಸವೆದ ಹಾಗೆ ತಿಂದುಹೋಗಿತ್ತು, ಬೋಲ್ಟಿನ ಮೈ ತುಕ್ಕಿನಿಂದ, ಅದು ತೂರುವ ಬುಷ್ ಎಂಬ ಕೊಳವೆಗೇ ಅಂಟಿಕೊಂಡಿತ್ತು. ಅಪ್ಪ ಅವತ್ತು ಮೊದಲ ಬಾರಿಗೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತ.

“ಲಾಯರಮ್ಮಾ, ಮುಂದಿನ ಸಾಕ್ಷಿ ಯಾವುದು?”

ನೋಡದೆ ವಾದಿಸಬಾರದು ಎಂದು ನನಗೆ ಕಲಿಸಿದ್ದು ಶಾಲೆಯಲ್ಲ, ಆ ಬೋಲ್ಟು. ಆದರೆ ಅವತ್ತು ಕಲಿತೆ ಎಂದರೆ ಸುಳ್ಳಾದೀತು. ಅವತ್ತು ನನಗೆ ಬಂದದ್ದು ಬರೀ ಸಿಟ್ಟು.

ಸೆಲ್ವಣ್ಣ ಹೊಸ ಬೋಲ್ಟುಗಳ ಮೈಗೆ ಗ್ರೀಸ್ ಸವರಿ ಎರಡೂ ಕಡೆ ಕೂರಿಸಿದ. ನಟ್ಟುಗಳನ್ನು ಮಾತ್ರ ಪೂರ್ತಿ ಬಿಗಿಯಲಿಲ್ಲ. ಚಕ್ರ ನೆಲಕ್ಕಿಳಿದು, ಗಾಡಿ ತನ್ನ ತೂಕಕ್ಕೆ ಕೂತ ಮೇಲೆ ಬಿಗಿಯಬೇಕು, ಇಲ್ಲದಿದ್ದರೆ ಬುಷ್ಷಿನ ರಬ್ಬರು ಹಿಂಡಿಕೊಂಡೇ ಸಾಯುತ್ತದೆ ಅಂದ. ಹಾಗೇ ಮಾಡಿ, ಅಲೈನ್‌ಮೆಂಟ್ ಅಂಗಡಿಗೆ ತಾನೇ ಓಡಿಸಿಕೊಂಡು ಹೋಗಿ, ಅಂಕಿಗಳೆಲ್ಲ ಹಸಿರಾದ ಕಾಗದವನ್ನು ಅಮ್ಮನ ಕೈಗೇ ತಂದು ಕೊಟ್ಟ. ಹೋಗುವ ಮುಂಚೆ ಅಪ್ಪನಿಗೆ ಕೈ ಮುಗಿದ. “ಅಣ್ಣಾ, ಇನ್ಮೇಲೆ ಅಡಿಗೆ ಬರೀ ಕುಂಕುಮ. ಬಣ್ಣ ಬೇಡ.”

ಮಾತಿನ ಪ್ರಕಾರ ಪರೀಕ್ಷೆ ನಡೆಯಬೇಕಿತ್ತು. ಸಂಜೆಯ ಬೆಳಕು ಇನ್ನೂ ಚೆನ್ನಾಗಿತ್ತು. ಮೂವರೂ ಮುಂದಿನ ಸೀಟಿನಲ್ಲಿ ಕೂತೆವು: ಅಪ್ಪ ಸ್ಟೀರಿಂಗಿನಲ್ಲಿ, ಅಮ್ಮ ಕಿಟಕಿಯ ಬಳಿ, ನಾನು ನಡುವೆ ಗೇರಿಗೆ ಮೊಣಕಾಲು ತಾಗದಂತೆ ಮುದುಡಿಕೊಂಡು. ಗಿರಿನಗರದ ಒಳಗೆ ಉದ್ದಕ್ಕೂ ಸಮನಾಗಿರುವ ಒಂದು ರಸ್ತೆ ಇದೆ, ಆ ಹೊತ್ತಿಗೆ ಖಾಲಿ. ಅಪ್ಪ ಮೂರನೇ ಗೇರಿಗೆ ಹಾಕಿದ. ಗಾಡಿ ಮೆಲ್ಲಗೆ ಬಲಕ್ಕೆ, ರಸ್ತೆಯ ನಡುವಿಗೆ ಸರಿಯತೊಡಗಿತು. ಅಪ್ಪ ಎಡಕ್ಕೆ ತಂದ. ಅದು ಮತ್ತೆ ಬಲಕ್ಕೆ ಹೋಯಿತು. ಎದುರಿನಿಂದ ಬಂದ ಸ್ಕೂಟರಿನವನು ಹಾರ್ನ್ ಬಾರಿಸಿ, ಬೈದು, ಪಕ್ಕಕ್ಕೆ ಹಾರಿದ. ಅಪ್ಪ ಬ್ರೇಕ್ ಒತ್ತಿದ, ಅವನ ಮುಖ ಅರಳಿತ್ತು.

“ನೋಡಿದ್ಯಾ? ಈಗ ಬಲಕ್ಕೆ ಎಳೀತಿದೆ. ಇದ್ದಿದ್ದನ್ನೂ ಕೆಡಿಸ್ದ ನಿಮ್ ಸೆಲ್ವ. ಎಡಕ್ಕಾದ್ರೆ ಚರಂಡಿ, ಬಲಕ್ಕೆ ಎಳೆದ್ರೆ ಎದುರ್ಗಡೆ ಬಸ್ಸು. ಇದನ್ನ ನಿಮ್ಮಮ್ಮನ ಕೈಗೆ ಕೊಡ್ಲಾ?”

ಗಾಡಿಯಲ್ಲ, ನಿನ್ನ ಕೈ ಎಳೆಯುತ್ತಿದೆ ಎಂದು ನಾನು ಶುರುಮಾಡಿದೆ. ಇಷ್ಟು ವರ್ಷ ಬಲಕ್ಕೆ ತಿರುಗಿಸಿ ಹಿಡಿದು ನಿನಗೆ ಅದೇ ನೇರ ಅನ್ನಿಸುತ್ತಿದೆ, ಒಂದು ಸಲ ಕೈ ಬಿಟ್ಟು ನೋಡು ಅಂದೆ. ಕೈ ಬಿಟ್ಟು ಗಾಡಿ ಓಡಿಸು ಅನ್ನುವವಳನ್ನು ಇವತ್ತೇ ನೋಡಿದ್ದು ಅಂದ ಅಪ್ಪ. ಬೆಳಿಗ್ಗೆ ಬೋಲ್ಟು ಸೊಟ್ಟ ಅಂದವಳು ತಾನೇ ನೀನು ಅಂದ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂದೆ ನಾನು. ಇಬ್ಬರ ದನಿಯೂ ಏರಿತು.

“ಇಬ್ರೂ ಸ್ವಲ್ಪ ಬಾಯ್ ಮುಚ್ತೀರಾ?” ಅಂದಳು ಅಮ್ಮ. ಬಾಗಿಲು ತೆಗೆದು ಇಳಿದಳು. ಗಾಡಿಯ ಮುಂದಿನಿಂದ ಸುತ್ತಿ ಬಂದು ಅಪ್ಪನ ಕಿಟಕಿಯ ಬಳಿ ನಿಂತಳು. “ಇಳೀರಿ. ಆ ಕಡೆ ಬನ್ನಿ.”

“ಪದ್ಮಾ, ಬಲಕ್ಕೆ ಎಳೀತಿದೆ ಅಂತ ಹೇಳ್ತಾ ಇದೀನಿ.”

“ಎಳೀಲಿ. ನೋಡ್ತೀನಿ. ಅನ್ನದ ಮುಂದೆ ಹೇಳಿದೀರಿ.”

ಅಪ್ಪ ಇಳಿದ. ಅಮ್ಮ ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ತಿರುಗಿಸಿಕೊಂಡಳು, ಸೆರಗು ಸಿಕ್ಕಿಸಿದಳು. ಮೊದಲ ಸಲ ಗಾಡಿ ಜಗ್ಗಿ ಆಫ್ ಆಯಿತು. ಎರಡನೆಯ ಸಲ ಹೊರಟಿತು. ಹಿಂದೆಂದೂ ಆ ಸ್ಟೀರಿಂಗ್ ಹಿಡಿಯದ ಅವಳ ಕೈಗೆ ಯಾವ ಅಭ್ಯಾಸವೂ ಇರಲಿಲ್ಲ. ಸುಮ್ಮನೆ ನೇರ ಹಿಡಿದಳು. ಗಾಡಿ ನೇರ ಹೋಯಿತು, ರಸ್ತೆಯ ಆ ತುದಿಯವರೆಗೆ. ತಿರುಗಿಸಿಕೊಂಡು ಈ ತುದಿಯವರೆಗೂ ನೇರ ಬಂತು. ಪಕ್ಕದಲ್ಲಿ ಅಪ್ಪನ ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ಬಲಕ್ಕೆ ತಿರುಗಿ ತಿರುಗಿ ನಿಲ್ಲುತ್ತಿತ್ತು. ಅದನ್ನು ಬೆರಳು ಮಾಡಿ ತೋರಿಸಬೇಕು, ಇಗೋ ಸಾಕ್ಷಿ ಅನ್ನಬೇಕು ಎಂದು ನನ್ನ ನಾಲಿಗೆ ತುರಿಸಿತು. ಅಮ್ಮ ರಸ್ತೆಯಿಂದ ಕಣ್ಣು ತೆಗೆಯದೆ, ಎಡಗೈಯಿಂದ ನನ್ನ ಮೊಣಕಾಲನ್ನು ಅದುಮಿ, ಗೇರ್ ಬದಲಾಯಿಸಿದಳು.

ಮಾರನೆಯ ದಿನ ಬೆಳಿಗ್ಗೆ ನಾನು ಬೇಗ ಎದ್ದೆ. ಏನೇನು ಹೇಳಬೇಕು, ಅಪ್ಪ ಯಾವುದಕ್ಕೆ ಏನನ್ನುತ್ತಾನೆ, ಅದಕ್ಕೆ ನನ್ನ ಉತ್ತರ ಏನು, ಎಲ್ಲ ಹಾಸಿಗೆಯಲ್ಲೇ ತಯಾರಾಗಿತ್ತು. ಹೊರಗೆ ಬಂದರೆ ಜಗಲಿಯ ಮೂಟೆಗಳಿಲ್ಲ, ಬೀದಿಯಲ್ಲಿ ಗಾಡಿ ಇಲ್ಲ. ಜೆ.ಪಿ. ನಗರದ ಮನೆಯೊಂದಕ್ಕೆ ಹನ್ನೆರಡು ಕುಂಡ ಹೋಗಬೇಕಿತ್ತು, ಅಮ್ಮ ತಾನೇ ತುಂಬಿಕೊಂಡು ಹೋಗಿದ್ದಳು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಮುಖ ತೊಳೆದಿರಲಿಲ್ಲ. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ನಿನ್ನೆ ಕೆರೆದ ಬಣ್ಣದ ಚೂರುಗಳು ಬಿದ್ದಿದ್ದವು.

“ಏನಪ್ಪ, ಈಗೇನಂತೀಯಾ?” ಅಂದೆ.

ಅವನು ನನ್ನ ಕಡೆ ನೋಡಲಿಲ್ಲ. ಮದುವೆಯಾದಾಗಿನಿಂದ ದಿನಾ ಐದೂವರೆಗೆ ಅಮ್ಮ ಅವನ ಕಾಲು ಅಲುಗಿಸಿ, ರೀ ಏಳಿ, ಲೋಡು ಇದೆ ಅನ್ನುತ್ತಿದ್ದಳು. ಅವನು ಇನ್ನೈದು ನಿಮಿಷ ಅನ್ನುತ್ತಿದ್ದ. ಅವಳು ಬೈಯುತ್ತಿದ್ದಳು. ಆ ಗಲಾಟೆಗೇ ನಾವೆಲ್ಲ ಏಳುತ್ತಿದ್ದದ್ದು.

“ನನ್ನ ಎಬ್ಬಿಸ್ಲೇ ಇಲ್ಲ ಕಣೇ ಅವಳು,” ಅಂದ.

ನಾನು ತಯಾರಿ ಮಾಡಿಕೊಂಡು ಬಂದಿದ್ದ ಯಾವ ಉತ್ತರವೂ ಆ ಮಾತಿಗೆ ಹೊಂದಲಿಲ್ಲ. ಆಮೇಲೆ ಎಷ್ಟೋ ವೇದಿಕೆಗಳಲ್ಲಿ, ಎಷ್ಟೋ ಜನರ ಜೊತೆ ವಾದ ಮಾಡಿದ್ದೇನೆ. ಆ ಮಾತಿಗೆ ಎದುರು ಮಾತು ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆ. ಅವನ ಪಕ್ಕ ಕಟ್ಟೆಯ ಮೇಲೆ ಅಷ್ಟು ಹೊತ್ತು ಸುಮ್ಮನೆ ಕೂರುವವಳು ನಾನಲ್ಲ.